ಒಂಬತ್ತನೇ ಪುಟ

ಹಿಕ್ಮತುಲ್ಲಾ ದೋಮ್ಲಾ ತಮ್ಮ ರಾಜೀನಾಮೆ ಪತ್ರವನ್ನು ನಿರ್ದೇಶಕನ ಮೇಜಿನ ಮೇಲೆ ಕುಕ್ಕಿದರು. ಸಹಿಯೊಂದು ಬಾಕಿಯಿತ್ತು. ನಿವೃತ್ತಿಗೆ ನಾಲ್ಕು ವರ್ಷವೂ ಬಾಕಿಯಿತ್ತು.

"ಶೋಕಿರ್‌ಜಾನ್, ನನ್ನ ಲೇಖನ ಇವತ್ತು ಎಲ್ಲರ ಕೈ ಸೇರುತ್ತೆ. ಒಂಬತ್ತನೇ ಪುಟದಲ್ಲಿ ಒಂದು ಮಾತು ಬರೆದಿದ್ದೀನಿ. ಅದನ್ನ ಓದಿದೋರು ನಾಳೆ ಬೆಳಿಗ್ಗೆ ಆರಕ್ಕೆ ನಮ್ಮನೇಲಿರ್ತಾರೆ. ಒಬ್ಬನೇ ಒಬ್ಬ ಬಂದ್ರೂ ಇದಕ್ಕೆ ಸಹಿ ಹಾಕ್ತೀನಿ. ಯಾರೂ ಬರದಿದ್ರೆ ನಿನ್ನ ಯಂತ್ರ ಗಂಟುಮೂಟೆ ಕಟ್ಟಬೇಕು. ಲೇಖನಗಳನ್ನ ಮನುಷ್ಯರೇ ಓದಬೇಕು."

ಶೋಕಿರ್ ನಕ್ಕ. ಒಂದು ಕಾಲಕ್ಕೆ ಇದೇ ದೋಮ್ಲಾ, ಅಂದರೆ ಮೇಷ್ಟ್ರ, ಕೈಕೆಳಗೆ ಕಲಿತವನು, ಈಗ ಫರ್ಗಾನಾ ಕಣಿವೆಯ ಈ ತೋಟಗಾರಿಕೆ ಸಂಸ್ಥೆಗೆ ಒಡೆಯ.

"ಅಂಥಾದ್ದೇನು ಬರೆದಿದ್ದೀರಿ ದೋಮ್ಲಾ?"

"ಓದಿ ನೋಡು."

"ಓದೋಕೆ ಪುರುಸೊತ್ತೆಲ್ಲಿ? ಅದಕ್ಕೇ ತಾನೇ ಯಂತ್ರ ತಂದಿರೋದು. ತಪ್ಪು ಹುಡುಕುತ್ತೆ, ಅಂಕ ಹಾಕುತ್ತೆ, ಸಾರ ಹಿಂಡಿ ಕೈಗಿಡುತ್ತೆ. ಇನ್ನು ಕಣ್ಣು ಯಾಕೆ ಸವೆಸಬೇಕು? ಆಗಲಿ, ನಾಳೆ ನಾನೇ ಸಾಕ್ಷಿಗೆ ಬರ್ತೀನಿ."

ದೋಮ್ಲಾಗೆ ಮೈ ಉರಿದದ್ದು ಸುಮ್ಮನೆ ಅಲ್ಲ. ವಸಂತದ ಹಿಮಕ್ಕೆ ಏಪ್ರಿಕಾಟ್ ಹೂವು ಹೇಗೆ ತಡೆದು ನಿಲ್ಲುತ್ತದೆ ಎಂದು ಹನ್ನೊಂದು ವರ್ಷ ಮರದಿಂದ ಮರಕ್ಕೆ ಅಲೆದು ಬರೆದ ಲೇಖನ. ಎಂಬತ್ತು ಅಂಕ ಬಾರದೆ ಸಂಸ್ಥೆಯ ಪತ್ರಿಕೆಯಲ್ಲಿ ಅಚ್ಚಿಲ್ಲ. ಯಂತ್ರ ಕೊಟ್ಟದ್ದು ನಲವತ್ತೊಂದು. 'ಪ್ರಯೋಗಕ್ಕೆ ಒಳಗಾದವರ ಒಪ್ಪಿಗೆ ಪಡೆದಿಲ್ಲ' ಎಂದು ಕೆಂಪು ಗುರುತು. ಮರಗಳ ಒಪ್ಪಿಗೆಯಂತೆ! 'ಎಲ್ಲ ಮರಗಳೂ ಮನಸಾರೆ ಒಪ್ಪಿವೆ' ಎಂದು ದೋಮ್ಲಾ ಹಲ್ಲು ಕಚ್ಚಿಕೊಂಡು ಸೇರಿಸಿದರು. ತೊಂಬತ್ತೆಂಟು ಬಂತು. ಸಿಟ್ಟು ನೆತ್ತಿಗೇರಿ, ಒಂಬತ್ತನೇ ಪುಟದ ಹಿಮದ ಲೆಕ್ಕಗಳ ನಡುವೆ ತಮ್ಮ ಮನೆಗೆ, ಆ ಕಡೆಯ ರೂಢಿಯಂತೆ, ಬೆಳಗಿನ ಪಲಾವ್ ಊಟದ ಕರೆಯನ್ನೇ ತುರುಕಿದರು. ಯಂತ್ರ ನೂರಕ್ಕೆ ನೂರು ಕೊಟ್ಟಿತು. 'ದಿನ, ವೇಳೆ, ಸ್ಥಳ ಸ್ಪಷ್ಟವಾಗಿವೆ' ಎಂಬ ಶಹಭಾಸ್‌ಗಿರಿ ಬೇರೆ.

ಶನಿವಾರ ಬೆಳಿಗ್ಗೆ ಹೆಂಡತಿ ಮಲೋಹತ್ ಅಂಗಳದಲ್ಲಿ ಒಲೆ ಹೊತ್ತಿಸಿದಳು. "ರೀ, ಎಷ್ಟು ಅಕ್ಕಿ ಹಾಕ್ಲಿ?"

"ನಮ್ಮಿಬ್ರಿಗೆ, ಶೋಕಿರ್‌ಗೆ. ಇನ್ನೊಂದು ನರಪಿಳ್ಳೇನೂ ಬರಲ್ಲ."

ಆರಕ್ಕೆ ಐದು ನಿಮಿಷವಿರುವಾಗ ಬಾಗಿಲು ಬಡಿದ ಸದ್ದಾಯಿತು. ಮಣ್ಣು ವಿಭಾಗದ ನಾಲ್ವರು. ಅವರ ಬೆನ್ನಿಗೇ ಕೀಟ ವಿಭಾಗ, ಇಡಿಯಾಗಿ. ಆಮೇಲೆ ಬೀಜ ವಿಭಾಗ, ನೀರಾವರಿ ವಿಭಾಗ. ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ.

"ನರಪಿಳ್ಳೆ ಬರಲ್ಲ ಅಂದ್ರಲ್ಲ, ಈಗ ನೀವೇ ಬಡಿಸಿ!" ಎನ್ನುತ್ತ ಮಲೋಹತ್ ದೊಡ್ಡ ಕಡಾಯಿ ತರಲು ಪಕ್ಕದ ಮನೆಗೆ ಓಡಿದಳು.

ಸೋತೆ ಎಂದು ದೋಮ್ಲಾಗೆ ಅನ್ನಿಸಲೇ ಇಲ್ಲ. ಅರವತ್ತು ಜನ! ಹನ್ನೊಂದು ವರ್ಷದ ದುಡಿಮೆಯನ್ನು ಒಂಬತ್ತನೇ ಪುಟದ ತನಕ ಓದಿದ್ದಾರೆ! ಕೆಲಸ ಹೋದರೆ ಹೋಗಲಿ, ಇಷ್ಟು ಸಂತೋಷ ಅವರಿಗೆ ಎಂದೂ ಆಗಿರಲಿಲ್ಲ. ಸಾಕ್ಷಿಗೆ ಬಂದಿದ್ದ ಶೋಕಿರ್ ಪೆನ್ನು ಚಾಚಿದ. ದೋಮ್ಲಾ ಕಣ್ಣೊರೆಸಿಕೊಂಡು, ನಗುನಗುತ್ತಲೇ ಸಹಿ ಹಾಕಿಕೊಟ್ಟರು. ಅವನು ಪತ್ರ ಮಡಚಿ ಜೇಬಿಗಿಳಿಸಿದ.

ಕೀಟ ವಿಭಾಗದ ಮುಹಯ್ಯೋ ತಟ್ಟೆ ಹಿಡಿದು ಎದುರಾದಳು. ದೋಮ್ಲಾ ಆಸೆಯಿಂದ ಕೇಳಿದರು: "ಹೇಳಮ್ಮ, ಹೇಗನ್ನಿಸ್ತು ಲೇಖನ? ಸಂಕೋಚ ಬೇಡ, ತಪ್ಪಿದ್ರೂ ಹೇಳು."

"ಯಾವ ಲೇಖನ ದೋಮ್ಲಾ?" ಮುಹಯ್ಯೋ ಮೂಳೆ ಚೀಪುತ್ತ ಫೋನು ತೋರಿಸಿದಳು. "ಯಂತ್ರ ನಮಗೆಲ್ಲ ಸಾರ ಅಂತ ಕಳಿಸಿದ್ದು ಇದೊಂದೇ ಸಾಲು: ಶನಿವಾರ ಬೆಳಿಗ್ಗೆ ಆರಕ್ಕೆ ಹಿಕ್ಮತುಲ್ಲಾ ಅವರ ಮನೆಯಲ್ಲಿ ಪಲಾವ್, ಉಡುಗೊರೆ ಬೇಡ."