ಕೈಗೆ ಬಂದ ನಿಯಮ

ಹುಬ್ಬಳ್ಳಿಯ ಒಣಕಸದ ಕೇಂದ್ರ. ಕೈಯಿಂದ ಕಸ ಬೇರ್ಪಡಿಸುವ ಹನ್ನೊಂದು ಹೆಂಗಸರು ಸಾಲಾಗಿ ನಿಂತಿದ್ದರು.

ಇಂಜಿನಿಯರ್ ವಿನುತಾ ಒಬ್ಬೊಬ್ಬರ ಗುರುತಿನ ಚೀಟಿ ವಾಪಸ್ ತೆಗೆದುಕೊಳ್ಳುತ್ತಿದ್ದಳು. ಹೊಸ ನಿಯಮ: ಇನ್ನು ಕಸ ಬೇರ್ಪಡಿಸುವುದು ಯಂತ್ರ ಮಾತ್ರ. ಮನುಷ್ಯರ ಕೈ ತಾಗಕೂಡದು.

ಆ ನಿಯಮ ಬರೆದವಳೇ ಅವಳು... ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದಳು.

"ನಿಮ್ಮ ಆರೋಗ್ಯಕ್ಕೇ ಮಾಡಿದ್ದು, ಅಮ್ಮಾ."

ಎಲ್ಲರಿಗಿಂತ ಹಿರಿಯಳಾದ ದುರ್ಗವ್ವ ಚೀಟಿ ಕೊಟ್ಟಳು. "ಹೌದ್ ಬಿಡ್ರಿ ಬಾಯಾರ. ಹಸದ ಹೊಟ್ಟಿಗೆ ರೋಗ ಎಲ್ಲಿಂದ ಬರ್ತೈತಿ!"

ಹದಿನೈದು ದಿನ ಯಂತ್ರ ಓಡಿತು.

ಹದಿನಾರನೆಯ ದಿನ, ಪ್ಲಾಸ್ಟಿಕ್ ಕರಗಿಸುವ ಕಾರ್ಖಾನೆಯಿಂದ ಲಾರಿ ಲೋಡು ಸಮೇತ ವಾಪಸ್ ಬಂತು... ನೀರಿನ ಬಾಟಲಿಗಳ ಜೊತೆ ಬೇರೆ ಥರದ ಪ್ಲಾಸ್ಟಿಕ್ ಸೇರಿತ್ತು. ಕಣ್ಣಿಗೆ ಎರಡೂ ಒಂದೇ. ಒಟ್ಟಿಗೆ ಕರಗಿಸಿದರೆ ಇಡೀ ಲೋಡು ಹಾಳು.

ಮೇಲಧಿಕಾರಿ ಫೋನಿನಲ್ಲಿ ಗುಡುಗಿದರು: "ಸಂಜೆ ಐದರೊಳಗೆ ಬೇರೆ ಮಾಡಿ ಕಳಿಸಿ. ಇಲ್ಲಾಂದ್ರೆ ಕಸದ ಗುಡ್ಡಕ್ಕೆ ಸುರಿದು, ಕೇಂದ್ರಕ್ಕೆ ಬೀಗ ಹಾಕಿ!"

ಆ ಗುಡ್ಡ ಆಗಲೇ ಹೊಗೆಯಾಡುತ್ತಿತ್ತು. ಸುತ್ತಲಿನ ಮಕ್ಕಳು ಕೆಮ್ಮುತ್ತಲೇ ಶಾಲೆಗೆ ಹೋಗುತ್ತಿದ್ದರು...

ವಿನುತಾ ದುರ್ಗವ್ವನ ಬಾಗಿಲಲ್ಲಿ ಹೋಗಿ ನಿಂತಳು. ನಡೆದದ್ದನ್ನು ಹೇಳಿದಳು.



"ನಿಮ್ಮ ಮಷೀನಿಗೆ ಕಿವಿ ಇಲ್ಲೇನ್ರಿ?" ಎನ್ನುತ್ತ ದುರ್ಗವ್ವ ಸೆರಗು ಸಿಕ್ಕಿಸಿ ಎದ್ದಳು.

ಹನ್ನೊಂದೂ ಜನ ಬಂದರು.

ದುರ್ಗವ್ವ ಒಂದೊಂದೇ ಬಾಟಲಿಯನ್ನು ಕಿವಿಯ ಹತ್ತಿರ ಹಿಸುಕುತ್ತಿದ್ದಳು. ಚರಚರ ಅಂದರೆ ನೀರಿನ ಬಾಟಲಿ, ಬಲಕ್ಕೆ... ಸದ್ದಿಲ್ಲದೆ ಬಾಗಿದರೆ ಬೇರೆ ಪ್ಲಾಸ್ಟಿಕ್, ಎಡಕ್ಕೆ.

ಗಂಟೆ ನಾಲ್ಕಾಯಿತು. ಕಾಲು ಭಾಗ ಲೋಡು ಇನ್ನೂ ಬಾಕಿ.

ತಡೆಯಲಾರದೆ ವಿನುತಾ ತಾನೂ ಮೂಟೆಗೆ ಕೈಹಾಕಿದಳು. ದುರ್ಗವ್ವ ತಟ್ಟನೆ ಅವಳ ಮುಂಗೈ ಹಿಡಿದಳು... ತನ್ನ ಹರಕು ಕೈಗವಸು ಬಿಚ್ಚಿ ಅವಳಿಗೆ ತೊಡಿಸಿದಳು.

"ಗಾಜು ಇರ್ತೈತಿ ಯವ್ವಾ. ನಿನಗ ರೂಢಿ ಇಲ್ಲ."

ವಿನುತಾಳ ಕಣ್ಣು ತುಂಬಿತು. ಈ ಕೈಗಳನ್ನು ಕಾಪಾಡಬೇಕೆಂದುಕೊಂಡವಳು ಅವುಗಳ ಕೆಲಸವನ್ನೇ ಕಿತ್ತುಕೊಂಡಿದ್ದಳು. ಹೊಸ ಕೈಗವಸು ಕೊಡಿಸಬಹುದೆಂದು ಹೊಳೆದೇ ಇರಲಿಲ್ಲ...

ಐದಕ್ಕೆ ಹತ್ತು ನಿಮಿಷವಿರುವಾಗ ಲಾರಿ ಕಾರ್ಖಾನೆಗೆ ಹೊರಟಿತು.

ಮರುದಿನ ಅವಳು ತಿದ್ದುಪಡಿ ಬರೆದಳು: ಯಂತ್ರಕ್ಕೆ ಹೋಗುವ ಮೊದಲು ಕಸವನ್ನು ಆ ಹನ್ನೊಂದು ಜನ ವಿಂಗಡಿಸಬೇಕು, ಎಲ್ಲರಿಗೂ ಕೈಗವಸು. ಸಹಿ ಬೀಳುವವರೆಗೆ ಮೇಲಧಿಕಾರಿಯ ಬಾಗಿಲು ಬಿಟ್ಟು ಕದಲಲಿಲ್ಲ.

ಒಬ್ಬರಿಗೆ ಒಳ್ಳೆಯದು ಮಾಡಹೊರಡುವ ಮೊದಲು, ಅವರನ್ನೇ ಒಂದು ಮಾತು ಕೇಳಿ.

ನಿಮ್ಮ ಮನೆಯ ಕಸ ಒಯ್ಯುವವರ ಹೆಸರು... ನಿಮಗೆ ಗೊತ್ತೇ?