ದೇವರೆತ್ತಿಗೆ ನೆರಳು

"ಜಟಿಂಗ ರಾಮೇಶ್ವರನ ಮೇಲಾಣೆ ಸಾರ್, ಈಗ ನಾನು ಹೇಳೋದ್ರಾಗೆ ಒಂದಕ್ಷರ ಸುಳ್ಳಿದ್ರೆ ನನ್ನ ನಾಲಿಗೆ ಇಲ್ಲೇ ಬಿದ್ದೋಗ್ಲಿ," ಎಂದ ಅಟೆಂಡರ್ ತಿಪ್ಪಯ್ಯ.

ಎಂಜಿನಿಯರ್ ಮುರುಗೇಂದ್ರಪ್ಪ ಮೀಟರ್ ಪೆಟ್ಟಿಗೆಯಿಂದ ತಲೆ ಎತ್ತಲಿಲ್ಲ. ೨೦೦೪ರ ಬೇಸಿಗೆ, ಮಟಮಟ ಮಧ್ಯಾಹ್ನ. ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಬಂಡೆಗಳ ನಡುವೆ ವಿಶ್ವವಿದ್ಯಾಲಯ ಹೊಸದಾಗಿ ಕಟ್ಟಿದ್ದ ಕ್ಯಾಂಪಸ್ಸಿನಲ್ಲಿ, ಹುಡುಗಿಯರ ಹಾಸ್ಟೆಲ್ಲಿನ ಮುಂದೆ ಕಂಬಗಳ ಮೇಲೆ ಸೋಲಾರ್ ಹಲಗೆಗಳಿದ್ದವು. ಕಂಪನಿಯವರು ಹೇಳಿದ್ದಕ್ಕಿಂತ ಕಾಲು ಭಾಗ ಹೆಚ್ಚು ಕರೆಂಟು ಅವುಗಳಿಂದ ಬರುತ್ತಿತ್ತು. ಹಾಗೆ ಬರಲು ಸಾಧ್ಯವಿಲ್ಲ ಎಂಬ ಒಂದೇ ಕಾರಣಕ್ಕೆ ಮುರುಗೇಂದ್ರಪ್ಪ ಬೆಳಗಿನಿಂದ ಜೀಪಿನಲ್ಲಿ ಕುಲುಕಿಕೊಂಡು ಬಂದಿದ್ದರು.

"ಲೆಕ್ಕ ಚೆನ್ನಾಗಿ ಕಾಣ್ಲಿ ಅಂತ ಲೈನಿನ ಕರೆಂಟು ಕದ್ದು ಇದಕ್ಕೆ ಕೂಡ್ಸಿದೀಯ. ಒಪ್ಕೊಂಡ್ಬಿಡು. ನಿನ್ನ ಕೆಲ್ಸಾನೂ ಹೋಗ್ತದೆ, ನನ್ನ ತಲೆನೋವೂ ಹೋಗ್ತದೆ."

ತಿಪ್ಪಯ್ಯನಿಗೆ ಆಯಾಸವಾಯಿತು. ತಾಲ್ಲೂಕಿನಲ್ಲಿ ಅವನ ಮಾತನ್ನು ಯಾರೂ ನಂಬುತ್ತಿರಲಿಲ್ಲ. ಮೊಳಕಾಲ್ಮೂರಿನ ಗಾಳಿಗೆ ತನ್ನ ಕಂಬಳಿ ಹಾರಿ ರಾಯದುರ್ಗದ ಹೋಟೆಲ್ಲಿನಲ್ಲಿ ಇಳಿಯಿತೆಂದೂ, ಹೋಟೆಲ್ಲಿನವನು ಅದರ ಮುಂದೆ ಒಂದು ಟೀ ಇಟ್ಟನೆಂದೂ ಹೇಳಿಕೊಂಡು ತಿರುಗಿದವನು ಅವನು. ಸುಳ್ಳಾದರೆ ಎಷ್ಟು ದೂರ ಬೇಕಾದರೂ ಹೊರುತ್ತಿದ್ದ. ನಿಜವನ್ನು ಎಲ್ಲಿ ಹಿಡಿದು ಎತ್ತಬೇಕೆಂದೇ ಗೊತ್ತಿರಲಿಲ್ಲ. ಸುಮ್ಮನೆ ಕೈ ತೋರಿಸಿದ.

ಮೊದಲನೇ ಹಲಗೆಯ ಕೆಳಗೆ ಮುದಿ ಬಿಳಿ ಎತ್ತೊಂದು ಮಲಗಿತ್ತು. ಅದರ ಪಕ್ಕ ದೇವರ ದನ ಕಾಯುವ ಕಿಲಾರಿ ಮಾರಯ್ಯ ಬೀಡಿ ಸೇದುತ್ತ ಕೂತಿದ್ದ.

"ದೇವರೆತ್ತು ಸಾರ್. ವಯಸ್ಸಾಗೈತೆ, ಗುಡ್ಡ ಹತ್ತಕ್ಕಾಗಲ್ಲ. ಹೋದ ಬ್ಯಾಸ್ಗೇಲಿ ಬಂದು ಇಲ್ಲೇ ಮಲಗ್ತು. ಅದನ್ನ ಎಬ್ಬಿಸಂಗಿಲ್ಲ, ಹಗ್ಗ ಹಾಕಂಗಿಲ್ಲ. ನಮ್ಮ ಕ್ಯಾಂಪಸ್ ಡೈರೆಕ್ಟ್ರು ಎಷ್ಟೋ ಹೇಳಿ ನೋಡಿದ್ರು. ಈಗ ಹಾಸ್ಟೆಲ್ಲಿಗೆ ಬಂದ್ರೆ ಅವರೇ ಹಿಂದಿನ ಬಾಗ್ಲಾಗೆ ಓಡಾಡ್ತಾವ್ರೆ."

"ಎತ್ತಿಗೂ ಕರೆಂಟಿಗೂ ಏನಯ್ಯ ಸಂಬಂಧ?"

"ಎತ್ತು ದೊಡ್ಡದು, ನೆರಳು ಚಿಕ್ಕದು ಸಾರ್. ಇಲ್ಲಿ ಮರ ಎಲ್ಲೈತೆ? ಮಾರಯ್ಯ ಬೋಲ್ಟು ಸಡ್ಲ ಮಾಡ್ಕೊಂಡ. ಬಿಸ್ಲು ಜರುಗಿದಂಗೆಲ್ಲ ನೆರಳು ಅಗಲ ಬೀಳಂಗೆ ಹಲಗೆ ತಿರುವ್ತಾನೆ. ಒಂದಲ್ಲ, ಎಲ್ಲಾವ್ನೂ. ಎತ್ತು ಯಾವಾಗ ಯಾವುದ್ರ ಕೆಳಗೆ ಹೋಗ್ತದೋ ಯಾರಿಗ್ಗೊತ್ತು?"

"ಸಂಜೆತಂಕ ತಿರುವ್ತಾನೇನು?"

"ಇನ್ನೇನ್ ಕೆಲ್ಸ ಐತೆ ಅವನಿಗೆ?"

ಮುರುಗೇಂದ್ರಪ್ಪ ಕಿಲಾರಿಯ ಕಡೆ ತಿರುಗಿದರು. "ಏನಪ್ಪಾ, ಸೂರ್ಯನ ಕಡೆ ಮುಖ ಮಾಡಿದ್ರೆ ಕರೆಂಟು ಜಾಸ್ತಿ ಬರ್ತದೆ ಅಂತ ನಿಂಗ್ಯಾರು ಹೇಳಿದ್ರು?"

"ಕರೆಂಟಾ? ನಾಕೇಮಿ ತೆಲುಸು ಸಾಮಿ," ಎಂದು, ತನಗೇನು ಗೊತ್ತೆಂಬಂತೆ ತೆಲುಗಿನಲ್ಲಿ ಗೊಣಗಿದ ಮಾರಯ್ಯ, ಎತ್ತಿನ ಮೂತಿಗೆ ಬಿಸಿಲು ಬಿದ್ದದ್ದನ್ನು ಕಂಡು ಎದ್ದು ಹಲಗೆಯನ್ನು ನೂಕಿದ. ನೆರಳು ಅಗಲವಾಯಿತು. ಪೆಟ್ಟಿಗೆಯೊಳಗಿನ ಮುಳ್ಳು ಮೆಲ್ಲಗೆ ಮೇಲೇರಿತು.

ಮುರುಗೇಂದ್ರಪ್ಪ ಮುಳ್ಳನ್ನು ನೋಡಿದರು, ಎತ್ತನ್ನು ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಮುಳ್ಳು ಇಳಿದಿರಲಿಲ್ಲ.

"ಇದನ್ನ ಹೆಂಗಯ್ಯಾ ಬರೀಲಿ? ಎತ್ತು ಅಂತ ಬರೆದ್ರೆ ನಾನು ಕುಡಿದಿದ್ದೆ ಅಂತಾರೆ. ಕಳ್ಳತನ ಅಂದ್ರೆ ತಕ್ಷಣ ನಂಬ್ತಾರೆ. ನಂಗೂ ಸಾಕಾಗೈತೆ ತಿಪ್ಪಯ್ಯ. ಕಳ್ಳತನ ಅಂತ್ಲೇ ಬರೆದು ಹೋಗ್ತೀನಿ." ಅವರು ಪೆನ್ನಿನ ಮುಚ್ಚಳ ತೆಗೆದರು.

ಕೆಲಸ ಹೋಗುವುದು ತಿಪ್ಪಯ್ಯನ ಕಣ್ಣಿಗೇ ಕಾಣುತ್ತಿತ್ತು. ನಿಜ ಹೇಳಲು ಹೋದದ್ದೇ ತಪ್ಪಾಯಿತೆಂದು ಅವನಿಗೆ ಅನ್ನಿಸಿತು.

"ಆಟೋಮ್ಯಾಟಿಕ್ಕು ಅಂತ ಬರೀರಿ ಸಾರ್."

"ಏನು?"

"ಸೂರ್ಯ ಹೋದ ಕಡೆ ತಾನೇ ತಿರುಗೋ ಆಟೋಮ್ಯಾಟಿಕ್ಕು ಸಿಸ್ಟಮ್ಮು. ಫಾರಿನ್ನಿಂದಲ್ಲ, ಇಲ್ಲಿಂದೇ. ಸುಳ್ಳೇನೈತೆ ಇದ್ರಾಗೆ? ಕಾಲೇಜಿನೋರು ಯಾರೂ ಅದಕ್ಕೆ ಕೈ ಹಚ್ಚಲ್ಲ."

ಮುರುಗೇಂದ್ರಪ್ಪ ಬಿಸಿಲಿನಲ್ಲೇ ನಿಂತು ಹಾಗೆಯೇ ಬರೆದರು. ಬರೆದದ್ದನ್ನು ಒಮ್ಮೆ ಓದಿಕೊಂಡರು. ಇಷ್ಟು ನಂಬುವಂಥ ವರದಿಯನ್ನು ಅವರು ಈಚೆಗೆ ಬರೆದಿರಲಿಲ್ಲ.

ತಿಪ್ಪಯ್ಯನಿಗೆ ಹೋದ ಜೀವ ಬಂತು. "ಮೇಂಟೆನೆನ್ಸು ಅಂತ ಒಂದಿರ್ತದಲ್ಲ ಸಾರ್, ಅದ್ರಾಗೆ ಚಳ್ಳಕೆರೆ ಶೇಂಗಾ ಹಿಂಡಿ ಹಾಕ್ರಿ, ಒಂದು ಗಾಡಿ ಮೇವು ಹಾಕ್ರಿ. ಕೊಂಡ್ಲಹಳ್ಳೀಲಿ ಇನ್ನೊಂದು ಸಿಸ್ಟಮ್ಮು ಗಬ್ಬ ಐತೆ. ಅದು ಈದ್ರೆ ಹುಡುಗ್ರ ಹಾಸ್ಟೆಲ್ಲಿಗೂ ನಾವೇ..."

ಮುರುಗೇಂದ್ರಪ್ಪ ಆಗಲೇ ನಡೆದುಬಿಟ್ಟಿದ್ದರು, ಜೀಪಿನ ಕಡೆಗಲ್ಲ. ದೇವರೆಂದೋ, ಕಾಲು ನೋಯುತ್ತಿತ್ತೆಂದೋ, ಬೂಟು ಬಿಚ್ಚಿ ಆಚೆ ಇಟ್ಟು, ಎತ್ತಿನ ಪಕ್ಕ ಮಲಗಿ ಕಣ್ಣು ಮುಚ್ಚಿದರು. ತಲೆ ಮಾತ್ರ ಬಿಸಿಲಿನಲ್ಲಿ ಉಳಿಯಿತು. ಮಾರಯ್ಯ ಎದ್ದು ಹಲಗೆಯನ್ನು ಒಂದು ಗೇಣು ತಿರುಗಿಸಿದ. ತಲೆಗೆ ನೆರಳಾಯಿತು, ಎತ್ತಿನ ಬಾಲ ಬಿಸಿಲಿಗೆ ಬಿತ್ತು. ಅವನು ಹಲಗೆಯನ್ನು ಮತ್ತೆ ಮೊದಲಿನಂತೆಯೇ ಇಟ್ಟ.

ಸಾಹೇಬರು ಕಣ್ಣು ತೆರೆಯದೆ, ಎತ್ತಿನ ಬೆನ್ನಿಗೆ ಇನ್ನಷ್ಟು ಒತ್ತಿಕೊಂಡು ಸರಿದು ಮಲಗಿದರು.