ಹುಡುಗಿಯರ ಕೈಗೆ ಕಬ್ಬಿಣ

ಹೈಸ್ಕೂಲಿನ ಕಬಡ್ಡಿ ಹುಡುಗಿಯರು ಹೆಗಲ ಮೇಲಿನ ಭಾರದ ರಾಡುಗಳನ್ನು ಇಳಿಸುವಷ್ಟರಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರು ವ್ಯಾಯಾಮದ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಇನ್ನು ಜಗಳ ತಪ್ಪಿದ್ದಲ್ಲವೆಂದು ದೈಹಿಕ ಶಿಕ್ಷಕಿ ದಾಕ್ಷಾಯಣಿಗೆ ಆಗಲೇ ತಿಳಿಯಿತು.

“ಏನ್ರಿ ಟೀಚರ್, ಹೆಣ್ಣುಹುಡುಗ್ಯಾರ ಕೈಯಾಗ ಕಬ್ಬಿಣ ಕೊಟ್ಟೀರಿ? ನಾಳೆ ಇವರಿಗೆ ಪೈಲ್ವಾನರನ್ನ ಹುಡುಕಿ ಲಗ್ನ ಮಾಡಬೇಕೇನು?”

“ಹೋದ ವರ್ಷ ಮೂರು ಹುಡುಗ್ಯಾರ ಮೊಣಕಾಲು ಹೋದವು ಸರ್. ಈ ವರ್ಷ ಕಾಲಿಗೆ ಬಲ ಬಂದೈತಿ, ಒಬ್ಬಾಕಿಗೂ ಪೆಟ್ಟಾಗಿಲ್ಲ. ಮುಂದಿನ ವಾರ ಜಿಲ್ಲಾ ಪಂದ್ಯ ಐತಿ.”

“ಆಡ್ಲಿ, ಬ್ಯಾಡ ಅಂದವರ್ಯಾರು? ಆದ್ರ ಹೆಣ್ಣಿನ ಮೈ ಭಾರ ಎತ್ತಾಕ ಹುಟ್ಟಿದ್ದಲ್ಲ. ಗರ್ಭಕ್ಕ ಏನಾರ ಆದ್ರ ಅವರ ಅಪ್ಪ-ಅವ್ವಗ ನಾ ಏನ್ ಹೇಳ್ಲಿ?”

“ಡಾಕ್ಟರನ್ನ ಕೇಳೇ ಮಾಡ್ಸಾಕತ್ತೇನ್ರಿ.”

“ನನಗ ಪಾಠ ಹೇಳಬ್ಯಾಡ್ರಿ!”

ಹುಡುಗಿಯರು ತಲೆ ತಗ್ಗಿಸಿದರು, ದಾಕ್ಷಾಯಣಿ ತಗ್ಗಿಸಲಿಲ್ಲ. ವರ್ಷವಿಡೀ ಬೆವರು ಸುರಿಸಿ ಕಟ್ಟಿದ ತಂಡವನ್ನು, ಒಮ್ಮೆಯೂ ಅಂಗಳಕ್ಕಿಳಿಯದ ಮನುಷ್ಯನೊಬ್ಬ ಅರೆಗಳಿಗೆಯಲ್ಲಿ ಕೆಡವಲು ಹೊರಟಿದ್ದ. ಅಧ್ಯಕ್ಷರು ತೀರ್ಪು ಕೊಟ್ಟೇಬಿಟ್ಟರು: ಅಲ್ಲಿರುವ ರಾಡು, ಪ್ಲೇಟು, ಡಂಬೆಲ್ಲು ಎಲ್ಲವೂ ಇಂದೇ ಗಂಡುಹುಡುಗರ ಹಾಸ್ಟೆಲಿನ ಮೂರನೆಯ ಮಹಡಿಗೆ ಹೋಗಬೇಕು.

“ಎರಡು ಕ್ವಿಂಟಲ್ ಭಾರ ಐತ್ರಿ,” ಎಂದಳು ದಾಕ್ಷಾಯಣಿ, ಹಲ್ಲು ಕಚ್ಚಿ. “ಹುಡುಗರನ್ನ ಕಳಸ್ರಿ, ಅವರೇ ಬಂದು ಒಯ್ಯಲಿ.”

“ಅವರಿಗೆ ನಾಳೆ ಮ್ಯಾಚ್ ಐತಿ, ಸೊಂಟ ಹಿಡಕೊಂಡ್ರ ಏನ್ ಗತಿ?” ಎನ್ನುತ್ತ ಅಧ್ಯಕ್ಷರು ಹುಡುಗಿಯರತ್ತ ತಿರುಗಿದರು. “ಹೂಂ, ನೋಡ್ಕೋತ ಯಾಕ ನಿಂತೀರವ್ವಾ? ಎತ್ಕೊಂಡು ನಡೀರಿ.”